ಅಕ್ಕನಿಗೆ ನಾನು ಕೊಟ್ಟ ಉಕ್ತಲೇಖನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಚಿಕ್ಕಂದಿನಿಂದ ಎಲ್ಲರೂ ಹಾಗೆ ಹೇಳಿದ್ದಾರೆ. ನಾನೂ ಅದನ್ನೊಂದು ಒಡವೆಯ ಹಾಗೆ ಹಾಕಿಕೊಂಡು ಓಡಾಡಿದವಳು. "ನಾನು ನೇರಾನೇರ, ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ" ಎನ್ನುವವರನ್ನು ಕಂಡರೆ ಈಗ ಭಯವಾಗುತ್ತದೆ. ಇಟ್ಟುಕೊಳ್ಳಬೇಕು ರೀ, ಕೆಲವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು.

ನನ್ನ ಕೆಲಸ ಬ್ಯಾಂಕಿನಲ್ಲಿ. ಗೋವಿಂದರಾಜನಗರದ ನಮ್ಮ ಮನೆಯಿಂದ ನಡೆದುಕೊಂಡೇ ಹೋಗುವಷ್ಟು ಹತ್ತಿರದ ಶಾಖೆ. ಈಚಿನ ವರ್ಷಗಳಲ್ಲಿ ದಿನ ಬಿಟ್ಟು ದಿನ ಯಾರಾದರೊಬ್ಬ ವಯಸ್ಸಾದವರು ಬೆವರುತ್ತಾ ನನ್ನ ಕೌಂಟರಿಗೆ ಬರುತ್ತಾರೆ. "ಮೇಡಂ, ನಿಮ್ ಬ್ಯಾಂಕಿಂದಾನೇ ಫೋನ್ ಬಂದಿತ್ತು, ಕ್ರೆಡಿಟ್ ಕಾರ್ಡ್ ಬ್ಲಾಕ್ ಆಗತ್ತಂತೆ, ಓಟಿಪಿ ಕೇಳ್ತಿದಾರೆ." ನಾನು ಅವರನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, ನಿಧಾನವಾಗಿ ಹೇಳುತ್ತೇನೆ. "ನೋಡಿ ಅಂಕಲ್, ಬ್ಯಾಂಕಿನೋರು ಯಾವತ್ತೂ ಓಟಿಪಿ ಕೇಳಲ್ಲ. ಕಾರ್ಡ್ ಹಿಂದಿರೋ ಮೂರು ಅಂಕಿ ಕೇಳಲ್ಲ. ಈಗ್ಲೇ ಹೇಳಿ, ಲೈನ್ ಕಟ್ ಮಾಡ್ಬೇಡಿ, ಮನೇಲಿ ಯಾರಿಗೂ ಹೇಳ್ಬೇಡಿ ಅಂತ ಅವಸರ ಮಾಡಿದ್ರೆ ಅಲ್ಲೇ ಅನುಮಾನ ಪಡಿ. ಫೋನ್ ಇಟ್ಬಿಡಿ. ಇಟ್ಟು, ಕಾರ್ಡ್ ಹಿಂದೆ ಅಚ್ಚಾಗಿರೋ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ನಿಜ ಆಗಿದ್ರೆ ಅವರೇ ಹೇಳ್ತಾರೆ." ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳುತ್ತೇನೆ. ಅಷ್ಟು ತಾಳ್ಮೆ ನನಗೆ ಎಲ್ಲಿಂದ ಬರುತ್ತಿತ್ತೋ! ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಅದು ನಾನೇ.

ನನ್ನ ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಹೋದಳು. ಅಲ್ಲಿಂದ ನನಗೆ ತಲೆ ಬಾಚಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಬೈದದ್ದು, ಮುದ್ದು ಮಾಡಿದ್ದು ಎಲ್ಲ ಅವಳೇ. ನಾನು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳಿಗೆ ನಮ್ಮ ಶಾಲೆಯಲ್ಲೇ ಟೀಚರ್ ಕೆಲಸ ಸಿಕ್ಕಿತು. ಮನೆಯಲ್ಲಿ ಅಕ್ಕ, ಕ್ಲಾಸಿನಲ್ಲಿ ಮಿಸ್.

ಅವಳ ಉಕ್ತಲೇಖನ ಶಾಲೆಗೆಲ್ಲ ಹೆಸರುವಾಸಿ. ಪ್ರತಿ ವಾಕ್ಯವನ್ನೂ ಬಿಡಿಸಿ ಬಿಡಿಸಿ ಎರಡು ಸಲ ಹೇಳುವಳು. ನಾವು ಬರೆದು ಮುಗಿಸಿ ತಲೆಯೆತ್ತಿ "ಆಮೇಲೆ ಮಿಸ್?" ಅನ್ನಬೇಕು. ಆಮೇಲೆ ಅಂದರಷ್ಟೇ ಮುಂದಿನ ವಾಕ್ಯ. ಎಲ್ಲ ಮುಗಿದ ಮೇಲೆ ಮೊದಲಿನಿಂದ ಇನ್ನೊಂದು ಸಲ ಓದುವಳು. ಯಾರಾದರೂ ಹಿಂದೆ ಬಿದ್ದಿದ್ದರೆ ಬೈಯದೆ, ಅವರ ಬೆಂಚಿನ ಹತ್ತಿರ ಹೋಗಿ ಮತ್ತೆ ಹೇಳುವಳು. ಮೂವತ್ತೆಂಟು ವರ್ಷ ಅವಳು ಮಾಡಿದ್ದು ಇದೇ ಕೆಲಸ. ತನಗೆ ಗೊತ್ತಿದ್ದದ್ದನ್ನು ಸ್ಪಷ್ಟವಾಗಿ, ಎದುರಿಗಿರುವವರಿಗೆ ಒಂದಕ್ಷರವೂ ತಪ್ಪದ ಹಾಗೆ ಹೇಳುವುದು.

ಅವಳಿಗೆ ಆ ಕ್ರೆಡಿಟ್ ಕಾರ್ಡ್ ಕೊಡಿಸಿದವಳು ನಾನು. ಅವಳು ಕೇಳಿರಲಿಲ್ಲ. ನಮ್ಮಲ್ಲಿ ಮಾರ್ಚ್ ಬಂತೆಂದರೆ ಇಷ್ಟು ಕಾರ್ಡ್ ಮಾಡಿಸಿ ಎಂದು ಟಾರ್ಗೆಟ್ ಕೊಟ್ಟು ಜೀವ ತಿನ್ನುತ್ತಾರೆ. ಬಸವೇಶ್ವರನಗರದ ಅವಳ ಮನೆಗೆ ಹೋಗಿ, "ಅಕ್ಕ, ಇಲ್ಲೊಂದು ಸೈನ್ ಹಾಕು" ಎಂದೆ. ಏನು ಎತ್ತ ಕೇಳದೆ ಹಾಕಿದಳು. ಕಾರ್ಡ್ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಳು. ಭಾವ ನಕ್ಕರು. "ಲಕ್ಷ್ಮಿ ಪ್ಲಾಸ್ಟಿಕ್ಕಲ್ಲಿ ಬಂದಿದಾಳೆ, ಆರತಿ ಎತ್ತು." ಒಂದು ಮಿಕ್ಸಿ ಕೊಂಡದ್ದು ಬಿಟ್ಟರೆ ಅವಳು ಅದನ್ನು ಹೊರಗೆ ತೆಗೆದದ್ದಿಲ್ಲ.

ಭಾವನ ಬಗ್ಗೆಯೂ ಹೇಳಬೇಕು. ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ, ತಮಾಷೆ ಜಾಸ್ತಿ. ಅವರಿಗೆ ಮಕ್ಕಳಿಲ್ಲ, ನಾನೇ ಮಗಳ ಲೆಕ್ಕ. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ವಿಜಯನಗರದ ಮಾರ್ಕೆಟ್ಟಿಗೆ ಹೊರಟರೆ ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ಸು. ಶಾಲೆಯಿಂದ ಪ್ರವಾಸ ಹೊರಟ ಮಕ್ಕಳ ಜೇಬಿನಲ್ಲಿಡುವ ಹಾಗೆ ಅಕ್ಕ ಅವರ ಅಂಗಿ ಜೇಬಿನಲ್ಲಿ ಒಂದು ಚೀಟಿ ಇಟ್ಟಿರುತ್ತಿದ್ದಳು. ಅದರಲ್ಲಿ ಅವರ ಹೆಸರು, ವಿಳಾಸ, ಅವಳ ಫೋನ್ ನಂಬರ್. "ನಾನೇನು ಒಂದನೇ ಕ್ಲಾಸ್ ಹುಡುಗಾನೇನೇ?" ಎಂದು ಅವರು ಗೊಣಗುವರು. ಚೀಟಿಯನ್ನು ಮಾತ್ರ ಒಂದು ದಿನವೂ ತೆಗೆದಿಡಲಿಲ್ಲ.

ಆ ಫೋನ್ ಬಂದದ್ದು ಒಂದು ಶುಕ್ರವಾರ. ಸಂಜೆ ನಾನು ಹೋದಾಗ ಅಕ್ಕನೇ ಖುಷಿಯಿಂದ ಹೇಳಿದಳು.

"ನಿಮ್ಮ ಬ್ಯಾಂಕಿನ ಹುಡುಗ ಒಬ್ಬ ಫೋನ್ ಮಾಡಿದ್ದ ಕಣೇ. ಎಷ್ಟು ಒಳ್ಳೆಯೋನು! ಕಾರ್ಡಿಗೆ ವರ್ಷದ ಚಾರ್ಜ್ ಬೀಳತ್ತಂತೆ, ಇವತ್ತೇ ಕ್ಯಾನ್ಸಲ್ ಮಾಡಿಸಿದ್ರೆ ಬೀಳಲ್ಲ ಅಂದ. ನಾನು ಟೀಚರ್ ಆಗಿದ್ದೆ ಅಂತ ಗೊತ್ತಾದ್ಮೇಲೆ ಮಿಸ್ ಮಿಸ್ ಅಂತಾನೇ ಮಾತಾಡಿದ. ಅವನೂ ಕನ್ನಡ ಮೀಡಿಯಮ್ಮಂತೆ ಪಾಪ."

"ನೀನೇನು ಹೇಳಿದೆ?" ಎಂದೆ.

"ಕಾರ್ಡ್ ನಂಬರ್ ಹೇಳಿದೆ. ಆಮೇಲೆ ಮೆಸೇಜಲ್ಲಿ ಒಂದು ನಂಬರ್ ಬಂತಲ್ಲ, ಅದನ್ನ ಹೇಳಿದೆ. ಮೊದಲ್ನೇ ಸಲ ತಪ್ಪು ಬರ್ಕೊಂಡ ಅವನು. ಬಿಡಿಸಿ ಬಿಡಿಸಿ ಇನ್ನೊಂದ್ಸಲ ಹೇಳಿದೆ. ಓದು ನೋಡೋಣ ಅಂದೆ, ಸರಿಯಾಗಿ ಓದಿದ. ಶಭಾಷ್ ಅಂದೆ."

ಅವಳು ಅವನಿಗೆ ಉಕ್ತಲೇಖನ ಕೊಟ್ಟಿದ್ದಳು. ಒಂದು ಸಲ ಅಲ್ಲ. "ಇನ್ನೊಂದು ನಂಬರ್ ಬರತ್ತೆ ಮಿಸ್" ಎಂದು ಅವನು ಅಂದಾಗಲೆಲ್ಲ ಕೊಟ್ಟಿದ್ದಳು.

ತಕ್ಷಣ ಕಾರ್ಡ್ ಬ್ಲಾಕ್ ಮಾಡಿಸಿದೆ. ಸೈಬರ್ ಸಹಾಯವಾಣಿಗೆ ದೂರು ಕೊಟ್ಟೆ. ಹೋದ ಹಣ ಹೋಯಿತು, ಅದರ ಕತೆ ಇಲ್ಲಿ ಬೇಡ. ಹಣ ಹೋದರೆ ಬರುತ್ತದೆ. ಆವತ್ತು ನನ್ನ ಬಾಯಿಂದ ಬಂದದ್ದು ವಾಪಸ್ ಹೋಗಲಿಲ್ಲ.

"ಮೂವತ್ತೆಂಟು ವರ್ಷ ಪಾಠ ಮಾಡಿದೀಯ, ಒಂದು ನಂಬರ್ ಬಾಯೊಳಗೆ ಇಟ್ಕೊಳಕ್ಕಾಗ್ಲಿಲ್ವಾ ನಿಂಗೆ? ತಂಗಿ ಬ್ಯಾಂಕಲ್ಲಿದಾಳೆ, ಅವಳನ್ನ ಒಂದು ಮಾತು ಕೇಳೋಣ ಅನ್ನಿಸ್ಲಿಲ್ವಾ? ನಾಳೆ ಆಫೀಸಲ್ಲಿ ಏನಂತ ಮುಖ ತೋರಿಸ್ಲಿ ನಾನು? ಸ್ವಂತ ಅಕ್ಕಂಗೇ ಬುದ್ಧಿ ಹೇಳಿಲ್ಲ ಅಂತ ನಗಲ್ವಾ?"

ಪಕ್ಕದ ಮನೆಯವರು ಕಿಟಕಿಗೆ ಬಂದರು. ಭಾವ ಎದ್ದು ಬಾಗಿಲು ಹಾಕಿದರು. ಅಕ್ಕ ನಿಂತಲ್ಲೇ ನಿಂತು, ಸೆರಗಿನ ತುದಿಯನ್ನು ಮಡಿಚುತ್ತಾ ಬಿಚ್ಚುತ್ತಾ ಇದ್ದಳು. ಹೋಂವರ್ಕ್ ಮಾಡದೆ ಬಂದಾಗ ನಾವೂ ಅವಳೆದುರು ಹಾಗೇ ನಿಲ್ಲುತ್ತಿದ್ದೆವು. ಆದರೆ ಅವಳು ನಮ್ಮನ್ನು ಅಷ್ಟು ಹೊತ್ತು ನಿಲ್ಲಿಸಿದ್ದಿಲ್ಲ.

"ಪೆನ್ನು ತಗೋ" ಎಂದೆ. "ನಾನು ಹೇಳ್ತೀನಿ, ಬರ್ಕೋ."

ಗೋಡೆಯ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಭಾಗದ ಬಿಳಿಯಲ್ಲಿ ಬರೆಯಲು ಕೂತಳು. ನಾನು ನಿಂತುಕೊಂಡೇ ಹೇಳಿದೆ. ಎರಡು ಸಲ ಹೇಳಲಿಲ್ಲ, ಒಂದೇ ಸಲ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಮಾತಾಡಬಾರದು. ಏನು ಕೇಳಿದರೂ ಹೇಳಬಾರದು. ಅವಸರ ಮಾಡಿದರೆ ಅದು ಮೋಸ. ಯಾರೋ ಬಿದ್ದರು, ಯಾರಿಗೋ ಏನೋ ಆಯಿತು ಎಂದು ಹೆದರಿಸಿದರೂ ನಂಬಬಾರದು. ಫೋನ್ ಇಟ್ಟು ಸುಮ್ಮನಿರಬೇಕು.

ಅಕ್ಕ ತನ್ನ ದುಂಡು ಅಕ್ಷರದಲ್ಲಿ ಎಲ್ಲ ಬರೆದಳು. ಬರೆದು ತಲೆಯೆತ್ತಿ, "ಆಮೇಲೆ?" ಎಂದಳು.

"ಆಮೇಲೆ ಏನೂ ಇಲ್ಲ. ಅಷ್ಟೇ" ಎಂದೆ.

ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಕಾಫಿಗೆ ಹಾಲಿಟ್ಟಿದ್ದಳು, ಕುಡಿಯಲಿಲ್ಲ. ಹೋಗುವ ಮುಂಚೆ ಭಾವನ ಫೋನ್ ಕಿತ್ತುಕೊಂಡು, ಅದಕ್ಕೊಂದು ಲಾಕ್ ಹಾಕಿ, ತೆಗೆಯುವುದು ಹೇಗೆಂದು ತೋರಿಸಿದ್ದೆ. ದೊಡ್ಡ ಉಪಕಾರ ಮಾಡಿದವಳ ಹಾಗೆ.

ಆ ಹಾಳೆಯನ್ನು ಅಕ್ಕ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದಳು. ಫೋನ್ ಇಡುವ ಜಾಗದ ಮೇಲೇ. ಅಲ್ಲಿಂದ ಮುಂದೆ ಅವಳು ಬೇರೆಯೇ ಆದಳು. ಗ್ಯಾಸ್ ಸಿಲಿಂಡರಿನವನು ಫೋನ್ ಮಾಡಿದರೂ ಕಟ್. ಹಳೆಯ ವಿದ್ಯಾರ್ಥಿಗಳು ಯಾರ ಹತ್ತಿರವೋ ನಂಬರ್ ತೆಗೆದುಕೊಂಡು "ಮಿಸ್, ಹೇಗಿದೀರ?" ಎಂದರೂ ಕಟ್. ಮೊದಲು ಹೂವಿನವಳ ಜೊತೆ ಅರ್ಧ ಗಂಟೆ ಹರಟುತ್ತಿದ್ದವಳು, ಈಗ ನನ್ನ ಹತ್ತಿರವೂ ಅಳೆದು ಅಳೆದು ಮಾತಾಡುವಳು. "ಇದನ್ನ ಹೇಳ್ಬೋದಾ ಕಣೇ?" ಎಂದು ಕೇಳುವಳು. ಅದು ಸರಿಯಲ್ಲವೆಂದು ನನಗೆ ಗೊತ್ತಾಗುತ್ತಿತ್ತು. ಆದರೂ ಮೇಲೆ, "ಹಾಂ, ಹೀಗಿರಬೇಕು" ಎನ್ನುತ್ತಿದ್ದೆ.

ಒಂದು ಸಲ ಭಾವ ನನ್ನನ್ನು ಗೇಟಿನ ತನಕ ಬಿಡಲು ಬಂದರು. "ನಿಮ್ಮಕ್ಕ ಈಗ ಫೋನ್ ಸದ್ದಾದ್ರೆ ಬೆಚ್ಚಿ ಬೀಳ್ತಾಳಮ್ಮ. ಕೂತು ಸಮಾಧಾನವಾಗಿ ಒಂದ್ಸಲ ತಿಳಿಸಿ ಹೇಳು. ನಿನ್ನ ಮಾತಂದ್ರೆ ಅವಳಿಗೆ ವೇದ" ಎಂದರು.

"ಇರ್ಲಿ ಬಿಡಿ ಭಾವ, ಸ್ವಲ್ಪ ಹೆದರಿಕೆ ಇದ್ರೇನೇ ಒಳ್ಳೇದು" ಎಂದೆ. ಅವರು ಗೇಟು ಹಾಕಿಕೊಂಡರು.

ಅವರೆಕಾಯಿ ಬರುವ ಕಾಲ ಅದು. ಬ್ಯಾಂಕಿನಲ್ಲಿ ಊಟದ ಡಬ್ಬಿ ತೆಗೆದಿದ್ದೆ, ಅಕ್ಕನ ಫೋನ್ ಬಂತು. ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಹಳೆಯ ಹುರುಪು ಕೇಳಿತು.

"ನೋಡೇ, ಇವತ್ತು ಬೆಳಿಗ್ಗೆಯಿಂದ ನಾಲ್ಕು ಸಲ ಮಾಡಿದ್ರು ಕಣೇ! ನಾನು ಸಿಕ್ಹಾಕ್ಕೊಳ್ಳಲಿಲ್ಲ. ಯಾರೋ ಆಟೋದವನಂತೆ. ನಿಮ್ಮ ಯಜಮಾನ್ರು ಬಿದ್ಬಿಟ್ಟಿದಾರೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದೀನಿ, ಬೇಗ ಬನ್ನಿ ಅಂದ. ಅವಸರ ಮಾಡ್ತಾನೆ ನೋಡು! ನಾಚಿಕೆ ಆಗಲ್ವಾ ನಿಂಗೆ, ಹೊಟ್ಟೆಗೆ ಏನು ತಿಂತೀಯ ಅಂತ ಉಗಿದು ಇಟ್ಟೆ. ಆಮೇಲೆ ಒಬ್ಬಳು ನರ್ಸ್ ಅಂತ. ಶುಗರ್ ಇದ್ಯಾ, ಯಾವ ಮಾತ್ರೆ ತಗೋತಾರೆ ಅಂತ ಕೇಳಿದ್ಲು. ನಾನು ಯಾರಿಗೂ ಏನೂ ಹೇಳಲ್ಲ ಅಂದೆ. ಎಲ್ಲ ನೀನು ಹೇಳಿದ್ದ ಹಾಗೇ ಮಾಡಿದೆ."

ನಾನು ನಕ್ಕೆ. ಮೊಸರನ್ನದ ತುತ್ತು ಬಾಯಲ್ಲಿತ್ತು. "ಶಭಾಷ್ ಅಕ್ಕ!" ಎಂದೆ.

ಅವಳು ಮಗುವಿನ ಹಾಗೆ ಹಿಗ್ಗಿದ್ದು ಫೋನಿನಲ್ಲೇ ಗೊತ್ತಾಯಿತು. ಆ ಖುಷಿಯಲ್ಲಿ ನಾನು ಸುಮ್ಮನೆ, ಮಾತಿಗೆ ಮಾತು ಎನ್ನುವ ಹಾಗೆ ಕೇಳಿದೆ. "ಭಾವ ಎಲ್ಲಿ? ಊಟ ಆಯ್ತಾ ಅವರದ್ದು?"

"ಇನ್ನೂ ಬಂದಿಲ್ಲ ಕಣೇ. ಇಷ್ಟು ಹೊತ್ತಿಗೆ ಬರ್ಬೇಕಿತ್ತು."

ತುತ್ತು ನುಂಗಲಾಗಲಿಲ್ಲ. "ಅವರಿಗೆ ಫೋನ್ ಮಾಡಿದ್ಯಾ?"

"ಇಲ್ವಲ್ಲ" ಎಂದಳು. "ಇಟ್ಟು ಸುಮ್ಮನಿರಬೇಕು ಅಂತ ಬರ್ಸಿದ್ದೀಯಲ್ಲ."

ಅವಳ ಫೋನ್ ಕಟ್ ಮಾಡಿ ಭಾವನ ನಂಬರ್ ಒತ್ತಿದೆ. ದಿನವೂ ಕೌಂಟರಿನಲ್ಲಿ ಊರವರಿಗೆಲ್ಲ ಹೇಳುವುದು ಇದೇ ಅಲ್ಲವೇ, ಗೊತ್ತಿರುವ ನಂಬರಿಗೆ ನೀವೇ ಮಾಡಿ ಕೇಳಿ ಅಂತ. ಎರಡೇ ರಿಂಗಿಗೆ ಎತ್ತಿದರು. ದನಿ ಭಾವನದ್ದಲ್ಲ.

"ಅಯ್ಯೋ, ಈಗ್ಲಾದ್ರೂ ಮಾಡಿದ್ರಲ್ಲ ಮೇಡಂ" ಎಂದಿತು ಆ ದನಿ. "ನಾನು ಆಟೋದವನು. ಈ ಫೋನು ಲಾಕಾಗಿದೆ, ಯಾರಿಗೂ ಮಾಡಕ್ಕಾಗ್ತಿಲ್ಲ. ಜೇಬಲ್ಲಿ ಒಂದು ಚೀಟಿ ಇತ್ತು, ಆ ನಂಬರಿಗೆ ನನ್ನ ಫೋನಿಂದ ಮಾಡಿ ಮಾಡಿ ಸಾಕಾಯ್ತು. ಆ ಅಮ್ಮ ಬೈದು ಬೈದು ಇಡ್ತಾರೆ. ಬೇಗ ಬನ್ನಿ ಮೇಡಂ."

ಮಾಗಡಿ ರಸ್ತೆಯ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದರಂತೆ. ನಾನು ಅಕ್ಕನನ್ನು ಕರೆದುಕೊಂಡು ಆಸ್ಪತ್ರೆ ಮುಟ್ಟಿದಾಗ ಎಲ್ಲ ಮುಗಿದು ಅರ್ಧ ಗಂಟೆಯಾಗಿತ್ತು. ದಾರಿಯುದ್ದಕ್ಕೂ ಅಕ್ಕ ಒಂದೇ ಮಾತು ಹೇಳುತ್ತಿದ್ದಳು. "ಇದೂ ಮೋಸಾನೇ ಇರ್ಬೇಕು ಕಣೇ. ಮೋಸಾನೇ ಆಗಿರ್ಲಿ." ಹರಕೆ ಹೊತ್ತವಳ ಹಾಗೆ ಹೇಳುತ್ತಿದ್ದಳು. ಮೋಸವಾಗಿರಲೆಂದು ಅಷ್ಟು ಬೇಡಿಕೊಂಡವರು ಇನ್ಯಾರೂ ಇರಲಿಕ್ಕಿಲ್ಲ.

ಡಾಕ್ಟರು ಒಳ್ಳೆಯವರು. ದೊಡ್ಡ ಅಟ್ಯಾಕ್, ನೀವು ಮುಂಚೆ ಬಂದಿದ್ದರೂ ಉಳಿಯುತ್ತಿದ್ದರೆಂದು ಹೇಳುವ ಹಾಗಿಲ್ಲ ಎಂದರು. ಉಳಿಯುತ್ತಿರಲಿಲ್ಲ ಎಂದೂ ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಆದರೆ ಆ ನರ್ಸ್, ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದ್ದವಳು, ಹತ್ತಿರ ಬಂದು ಅಕ್ಕನ ಕೈ ಹಿಡಿದುಕೊಂಡು ಹೇಳಿದಳು. "ಸ್ವಲ್ಪ ಹೊತ್ತು ಪ್ರಜ್ಞೆ ಇತ್ತಮ್ಮ. ನಮ್ಮನೆಯವಳು ಬಂದ್ಲಾ, ಬಂದ್ಲಾ ಅಂತ ಎರಡು ಸಲ ಕೇಳಿದ್ರು. ಬರ್ತಾ ಇದಾರೆ ಅಂತ ಹೇಳಿದ್ವಿ."

ಅವಳು ಅದನ್ನು ಸಮಾಧಾನಕ್ಕೆಂದೇ ಹೇಳಿದಳು. ಅಕ್ಕ ತಲೆಯಾಡಿಸಿದಳು.

ಆಟೋದವನು ಅಷ್ಟು ಹೊತ್ತೂ ತನ್ನ ಬಾಡಿಗೆ ಬಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಭಾವನ ಕನ್ನಡಕ, ಫೋನು, ಚೀಟಿ, ಒಂದು ಬಟ್ಟೆ ಚೀಲ, ಎಲ್ಲ ಅವನ ಮಡಿಲಲ್ಲಿದ್ದವು. ಚೀಲದ ತುಂಬ ಸೊಗಡಿನ ಅವರೆಕಾಯಿ. ಅಕ್ಕ ಅವನ ಎದುರು ಕೈ ಮುಗಿದು ನಿಂತಳು. "ನಿನ್ನ ಬೈದ್ಬಿಟ್ಟೆ ಕಣಪ್ಪ. ತಪ್ಪು ತಿಳ್ಕೋಬೇಡ" ಎಂದಳು. ಅವನು ಎದ್ದು ನಿಂತು, "ಬಿಡಿ ಅಮ್ಮ, ಕಾಲ ಹಂಗಿದೆ" ಎಂದು ಕಣ್ಣೊರೆಸಿಕೊಂಡ. ನಾನು ಹಣ ಕೊಡಹೋದರೆ ಮುಟ್ಟಲಿಲ್ಲ. ಅವನು ಬೆಳಿಗ್ಗೆಯಿಂದ ನಮ್ಮನ್ನು ಕೇಳಿದ್ದು ಒಂದೇ, ಬೇಗ ಬನ್ನಿ ಅಂತ. ಆ ಶುಕ್ರವಾರದವನಿಗೂ ಇವನಿಗೂ ಇದ್ದ ವ್ಯತ್ಯಾಸ ಅಷ್ಟು ಸಣ್ಣದು. ಅವನು ಅಕ್ಕನಿಂದ ಏನೋ ಬೇಕೆಂದಿದ್ದ, ಇವನಿಗೆ ಏನೂ ಬೇಕಿರಲಿಲ್ಲ. ಅದನ್ನು ಗುರುತಿಸುವುದನ್ನು ನಾನು ಅವಳಿಗೆ ಕಲಿಸಬಹುದಿತ್ತು. ಅರ್ಧ ಗಂಟೆಯ ಕೆಲಸ, ಆ ಕಾಫಿ ಕುಡಿಯುತ್ತಾ ಕೂತಿದ್ದರೆ ಮುಗಿದುಹೋಗುತ್ತಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ರಜೆ ಹಾಕಿ ಅಕ್ಕನ ಜೊತೆಯಲ್ಲೇ ಉಳಿದೆ. ಅವಳು ನನ್ನನ್ನು ಬೈಯಲಿ ಎಂದು ಕಾದೆ. ಒಂದು ಸಲ ಕೆನ್ನೆಗೆ ಬಾರಿಸಿದ್ದರೂ ಹಗುರಾಗುತ್ತಿತ್ತು. ಅವಳು ಎಂದಿನ ಹಾಗೆ ನನಗೆ ತಟ್ಟೆ ಹಾಕಿ, "ಇನ್ನೊಂದ್ಸ್ವಲ್ಪ ಹಾಕ್ಕೋ, ಸೊರಗಿ ಹೋಗಿದೀಯ" ಎನ್ನುತ್ತಿದ್ದಳು. ಆ ಹಾಳೆ ಇನ್ನೂ ಗೋಡೆಯ ಮೇಲೇ ಇತ್ತು. ಅದರ ಎದುರಿಗೆ ಹಾಯುವಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಕೊನೆಗೆ ಒಂದು ಬೆಳಿಗ್ಗೆ ತಡೆಯಲಾಗದೆ ಅದನ್ನು ಕೀಳಲು ಕೈ ಹಾಕಿದೆ.

"ಇರ್ಲಿ, ಹರಿಬೇಡ" ಎಂದಳು ಅಕ್ಕ. ಒಲೆ ಆರಿಸಿ, ಕೈ ಒರೆಸಿಕೊಂಡು ಬಂದಳು. "ಒಂದು ಕೇಳ್ಬೇಕಿತ್ತು ನಿನ್ನ. ಬ್ಯಾಂಕಿಗೆ ಬರೋರಿಗೆ ನೀನು ಏನಂತ ಹೇಳ್ತೀಯ? ಇಷ್ಟೇನಾ?"

ಸುಳ್ಳು ಹೇಳಬಹುದಿತ್ತು. ಇಷ್ಟೇ ಅಕ್ಕ, ಎಲ್ಲರಿಗೂ ಇಷ್ಟೇ ಎನ್ನಬಹುದಿತ್ತು. ಆದರೆ ಅವಳು ನನ್ನ ಮುಖ ನೋಡುತ್ತಿದ್ದಳು. ಅವಳ ಎದುರು ನಾನು ಯಾವತ್ತೂ ಸುಳ್ಳು ಹೇಳಿ ದಕ್ಕಿಸಿಕೊಂಡದ್ದಿಲ್ಲ.

"ಇಲ್ಲ ಅಕ್ಕ" ಎಂದೆ. "ಇನ್ನೊಂದು ಹೇಳ್ತೀನಿ. ಫೋನ್ ಇಟ್ಮೇಲೆ, ನಮಗೆ ಗೊತ್ತಿರೋ ನಂಬರಿಗೆ ನಾವೇ ಮಾಡಿ ಕೇಳ್ಬೇಕು ಅಂತ."

ಅವಳು ಫ್ರಿಜ್ಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಹಾಳೆಯನ್ನು ನಾಜೂಕಾಗಿ ಬಿಡಿಸಿ, ನೆಲದ ಮೇಲೆ ಹರಡಿಕೊಂಡು ಕೂತಳು. "ಹೇಳು" ಎಂದಳು.

ನಾನು ಹೇಳಿದೆ. ಮೊದಲ ಸಲ ಸರಿಯಾಗಿ ಬರಲಿಲ್ಲ. ಎರಡನೇ ಸಲ ಬಿಡಿಸಿ ಬಿಡಿಸಿ ಹೇಳಿದೆ. ಅವಳು "ಸುಮ್ಮನಿರಬೇಕು" ಎನ್ನುವ ಸಾಲಿನ ಕೆಳಗೆ ಅದನ್ನು ಬರೆದಳು. ಅಕ್ಷರ ಅದೇ ದುಂಡು. ಬರೆದಾದ ಮೇಲೆ ಹಾಳೆಯ ಕೆಳಗಿನ ಬಿಳಿಯ ಮೇಲೆ ಅಂಗೈ ಇಟ್ಟು ಒಂದು ಸಲ ಸವರಿದಳು.

"ಅವತ್ತೇ ಹೇಳಿದ್ರೆ ಅವತ್ತೇ ಬರ್ಕೋತಿದ್ದೆ ಕಣೇ" ಎಂದಳು. "ಇಲ್ನೋಡು, ಜಾಗ ಇತ್ತು."